ವಿಡಿಯೋ ಹಾಕಿದರೆ ಸಾಕು, ಲ್ಯಾಪ್‌ಟಾಪ್ ಫ್ಯಾನ್ ಹಿಟ್ಟಿನ ಗಿರಣಿ ಥರ ಕೂಗುತ್ತದೆ

ಹೊಳೆಬದಿ (ಸಾಗರ)

ಎಲ್ಲರಿಗೂ ನಮಸ್ಕಾರ. 2018ರಲ್ಲಿ ತೆಗೆದುಕೊಂಡ ಲ್ಯಾಪ್‌ಟಾಪ್. ಪ್ರೊಸೆಸರ್ ಐ5-8250ಯು, 8 ಜಿಬಿ ರ‍್ಯಾಮ್, ಆಮೇಲೆ ಹಾಕಿಸಿದ ಎಸ್‌ಎಸ್‌ಡಿ, ವಿಂಡೋಸ್ 11. ಲೆಕ್ಕ ಬರೆಯುವಾಗ, ಮೇಲ್ ನೋಡುವಾಗ ಇದೆಯೋ ಇಲ್ಲವೋ ಅನ್ನುವಷ್ಟು ಮೌನ. ಯೂಟ್ಯೂಬ್‌ನಲ್ಲಿ ಏನಾದರೂ ಹಾಕಿ ಎರಡು ನಿಮಿಷ ಆಗುವುದರೊಳಗೆ ಫ್ಯಾನ್ ಶುರು. ಎಡಗಡೆ ಎಸ್ಕೇಪ್ ಕೀ ಹತ್ತಿರ ಬೆರಳಿಡುವುದಕ್ಕಾಗುವುದಿಲ್ಲ, ದೋಸೆ ಕಲ್ಲು.

ರಾತ್ರಿ ಊಟ ಆದ ಮೇಲೆ ಅತ್ತೆಗೆ ಯಕ್ಷಗಾನ ಹಾಕಿಕೊಡಬೇಕು. ಭಾಗವತರು ಪದ ಎತ್ತುವುದಕ್ಕೂ ಇದು ಕೂಗುವುದಕ್ಕೂ ಸರಿಹೋಗುತ್ತದೆ. ಚೆಂಡೆ ಹೇಗೋ ಕೇಳುತ್ತದೆ, ಮದ್ದಳೆ ಮುಳುಗಿಹೋಗುತ್ತದೆ. ಮೊದಲ ನಾಲ್ಕೈದು ವರ್ಷ ಹೀಗಿರಲಿಲ್ಲ. ಬಿಸಿ ಅಳೆಯುವ ಎಚ್‌ಡಬ್ಲ್ಯೂಇನ್ಫೋ ಅನ್ನುವ ತಂತ್ರಾಂಶ ಹಾಕಿ ನೋಡಿದೆ, ಪ್ರೊಸೆಸರ್ 92 ಡಿಗ್ರಿ ತೋರಿಸುತ್ತಿದೆ. ಏನು ಮಾಡಲಿ?

ಬಿಸಿಲೂರು

92 ಅಂದರೆ ಜಾಸ್ತಿನೇ ಆಯಿತು. ಹಾಸಿಗೆ ಮೇಲೆ ಇಟ್ಟು ನೋಡುತ್ತೀರಾ? ನಾನು ರಾಯಚೂರಿನವನು, ಈ ವಿಷಯದಲ್ಲಿ ಅನುಭವಸ್ಥ.

ಹೊಳೆಬದಿ (ಸಾಗರ)

ಇಲ್ಲ ಸರ್, ಊಟದ ಮೇಜು. ಮರದ್ದು. ಕೆಳಗೆ ಗಾಳಿ ಆಡುತ್ತದೆ.

ಸ್ಕ್ರೂಡ್ರೈವರ್

ಅಕ್ಕಾ, ಏಳೆಂಟು ವರ್ಷದ ಮಷಿನ್, ಒಮ್ಮೆಯಾದರೂ ಬಿಚ್ಚಿ ಕ್ಲೀನ್ ಮಾಡಿಸಿದ್ದೀರಾ? ನಾನು ದಿನಾ ಇದೇ ಕೆಲಸ ಮಾಡುವವನು, ಅದಕ್ಕೆ ಕೇಳಿದೆ. ಧೂಳು ಫ್ಯಾನಿನ ರೆಕ್ಕೆ ಮೇಲೆ ಇರುವುದು ಬರೀ ತೋರಿಕೆಗೆ. ನಿಜವಾಗಿ ಕೂತಿರುವುದು ಫ್ಯಾನಿಗೂ ಬಿಸಿ ಹೊರಹಾಕುವ ತಾಮ್ರದ ಫಿನ್‌ಗಳಿಗೂ ನಡುವೆ. ಅಲ್ಲಿ ಕಂಬಳಿ ತುಂಡಿನ ಹಾಗೆ ಒಂದು ಪದರ ಕಟ್ಟುತ್ತದೆ. ಫ್ಯಾನ್ ಎಷ್ಟು ತಿರುಗಿದರೂ ಗಾಳಿ ಆಚೆ ಹೋಗುವುದಿಲ್ಲ. ಹೊರಗಿನಿಂದ ಊದಿದರೆ ಆ ಪದರ ಕದಲುವುದೂ ಇಲ್ಲ.

ನೀವೇ ಬಿಚ್ಚುವುದಾದರೆ ಮೊದಲು ಬ್ಯಾಟರಿ ಕನೆಕ್ಟರ್ ತೆಗೆಯಿರಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಗೆ ಒಂದು ಊದುಬತ್ತಿ ಕಡ್ಡಿ ಅಡ್ಡ ಕೊಡಿ. ತುಂಬಾ ಜನ ಸುಯ್ ಅಂತ ತಿರುಗುವುದನ್ನು ನೋಡಿ ಖುಷಿಪಡುತ್ತಾರೆ. ಫ್ಯಾನ್ ಅಷ್ಟು ವೇಗಕ್ಕೆ ಮಾಡಿದ್ದಲ್ಲ, ಬೇರಿಂಗ್ ಹಾಳಾಗುತ್ತದೆ. ಚಿಪ್‌ನ ಬಿಸಿಯನ್ನು ಆ ಫಿನ್‌ಗಳಿರುವ ಹೀಟ್‌ಸಿಂಕ್‌ಗೆ ದಾಟಿಸುವ ಪೇಸ್ಟ್ ಒಣಗಿದ್ದರೆ ಅದನ್ನೂ ಬದಲಾಯಿಸಿ. ಹೀಟ್‌ಸಿಂಕ್ ಮೇಲೆ ಸ್ಕ್ರೂ ಪಕ್ಕ 1, 2, 3 ಅಂತ ಬರೆದಿರುತ್ತದೆ, ಹಾಕುವಾಗ ಆ ಕ್ರಮದಲ್ಲೇ ಸ್ವಲ್ಪ ಸ್ವಲ್ಪ ಬಿಗಿ ಮಾಡುತ್ತಾ ಹೋಗಿ.

ಹೊಳೆಬದಿ (ಸಾಗರ)

ಬಿಚ್ಚುವ ಧೈರ್ಯ ಇಲ್ಲ ತಮ್ಮಾ. ನಾಳೆ ಪೇಟೆಗೆ ಹೋಗುವುದಿದೆ, ಅಂಗಡಿಯಲ್ಲಿ ಕೊಡುತ್ತೇನೆ.

ಅರ್ಧಸೇರು

ಇಷ್ಟೆಲ್ಲಾ ಯಾಕೆ? ಸುಮ್ನೆ ವಿಡಿಯೋ ಕ್ವಾಲಿಟಿ 480ಕ್ಕೆ ಇಳಿಸಿ ನೋಡಿ. ಯಕ್ಷಗಾನಕ್ಕೆ ಎಚ್‌ಡಿ ಯಾಕೆ ಬೇಕು?

ಹೊಳೆಬದಿ (ಸಾಗರ)

ಯಕ್ಷಗಾನಕ್ಕೇ ಬೇಕು ಸರ್! ಬಣ್ಣದ ವೇಷದ ಚುಟ್ಟಿ 480ರಲ್ಲಿ ಮೊಸರು ಚೆಲ್ಲಿದ ಹಾಗೆ ಕಾಣುತ್ತದೆ. ಅತ್ತೆ ಒಪ್ಪುವುದಿಲ್ಲ.

ಹೊಳೆಬದಿ (ಸಾಗರ)

ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಕ್ಲೀನ್ ಆಯಿತು. ಅಂಗಡಿಯವರು ತೆಗೆದ ಧೂಳನ್ನು ಕಾಗದದಲ್ಲಿ ಕಟ್ಟಿ ತೋರಿಸಿದರು. ಬೆರಳಷ್ಟು ಉದ್ದ, ಬೂದು ಬಣ್ಣ, ಹಿಡಿದರೆ ಬಟ್ಟೆಯ ಥರವೇ ಇತ್ತು. ಜೊತೆಗೆ ಒಂದು ಒಣಗಿದ ಜಿರಳೆ. ಹೊಸ ಪೇಸ್ಟ್ ಹಾಕಿದ್ದಾರೆ.

ಈಗ 92 ಇದ್ದದ್ದು 80, 81ಕ್ಕೆ ಇಳಿದಿದೆ. ಆದರೆ ಫ್ಯಾನ್ ಕೂಗುವುದು ನಿಂತಿಲ್ಲ. ಮೊದಲು ಗಿರಣಿ, ಈಗ ಮಿಕ್ಸಿ. ಅಂಗಡಿಯವರನ್ನು ಕೇಳಿದರೆ "ಮೇಡಂ, ವಯಸ್ಸಾಯಿತು, ಹೊಸದು ತಗೊಳ್ಳಿ" ಅಂದರು. ವಯಸ್ಸು ಲ್ಯಾಪ್‌ಟಾಪ್‌ಗೆ ಅಂತ ಅಂದುಕೊಂಡಿದ್ದೇನೆ.

ಇನ್ನೊಂದು ವಿಚಿತ್ರ ಹೇಳುವುದು ಮರೆತಿದ್ದೆ. ಅಣ್ಣನ ಮಗ ಪೆನ್‌ಡ್ರೈವ್‌ನಲ್ಲಿ ಕೊಟ್ಟ ಪ್ರಸಂಗಗಳು ಇವೆ. ಅವೂ 1080, ಎಚ್‌ಡಿಯೇ. ಅದನ್ನು ವಿಎಲ್‌ಸಿ ಪ್ಲೇಯರ್‌ನಲ್ಲಿ ಹಾಕಿದರೆ ಫ್ಯಾನ್ ಉಸಿರೇ ಬಿಡುವುದಿಲ್ಲ. ರಾತ್ರಿಯಿಡೀ ಓಡಿದೆ ಒಮ್ಮೆ.

ಮೂರನೇಕಣ್ಣು

ಇದನ್ನು ಮೊದಲೇ ಹೇಳಬೇಕಿತ್ತು ಅಲ್ವಾ!

ಅದೇ ಲ್ಯಾಪ್‌ಟಾಪ್, ಅದೇ 1080, ಅದೇ ಮೇಜು. ಒಂದರಲ್ಲಿ ಮೌನ, ಇನ್ನೊಂದರಲ್ಲಿ ಮಿಕ್ಸಿ. ಹಾಗಾದರೆ ತೊಂದರೆ ಬಿಸಿ ಆಚೆ ಹೋಗುವುದರಲ್ಲಿ ಇಲ್ಲ, ಬಿಸಿ ಹುಟ್ಟುವುದರಲ್ಲಿ ಇದೆ. ಎರಡು ಕೆಲಸ ಮಾಡಿ ಮೇಡಂ.

ಒಂದು, ಯೂಟ್ಯೂಬ್ ವಿಡಿಯೋ ಓಡುತ್ತಿರುವಾಗ ಅದರ ಮೇಲೆ ರೈಟ್ ಕ್ಲಿಕ್ ಮಾಡಿ. ಕೊನೆಯಲ್ಲಿ "ಸ್ಟ್ಯಾಟ್ಸ್ ಫಾರ್ ನರ್ಡ್ಸ್" ಅಂತ ಇರುತ್ತದೆ. ಒತ್ತಿದರೆ ಕಪ್ಪು ಪೆಟ್ಟಿಗೆ ಬರುತ್ತದೆ. ಅದರಲ್ಲಿ "ಕೋಡೆಕ್ಸ್" ಅನ್ನುವ ಸಾಲು ಓದಿ ಹೇಳಿ. ಕೋಡೆಕ್ ಅಂದರೆ ವಿಡಿಯೋವನ್ನು ಮಡಚಿ ಚಿಕ್ಕದು ಮಾಡಿ, ನೋಡುವಾಗ ಮತ್ತೆ ಬಿಚ್ಚುವ ವಿಧಾನ.

ಎರಡು, ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್, ಅದರಲ್ಲಿ ಜಿಪಿಯು. ಅಲ್ಲಿ "ವಿಡಿಯೋ ಡಿಕೋಡ್" (ವಿಡಿಯೋ ಬಿಚ್ಚುವುದು) ಅಂತ ಸಣ್ಣ ಗ್ರಾಫ್ ಇರುತ್ತದೆ. ಯೂಟ್ಯೂಬ್ ಓಡುವಾಗ ಎಷ್ಟು, ಪೆನ್‌ಡ್ರೈವ್ ಫೈಲ್ ಓಡುವಾಗ ಎಷ್ಟು?

ಹೊಳೆಬದಿ (ಸಾಗರ)

ಕೋಡೆಕ್ಸ್ ಸಾಲಿನಲ್ಲಿ ಎವಿ01, ಆಮೇಲೆ ಚುಕ್ಕಿ, ಒಂದಷ್ಟು ಅಂಕಿ.

ಗ್ರಾಫ್: ಯೂಟ್ಯೂಬ್‌ನಲ್ಲಿ ಸೊನ್ನೆ. ನೆಲಕ್ಕೆ ಅಂಟಿಕೊಂಡ ಗೆರೆ. ಸಿಪಿಯು (ಪ್ರೊಸೆಸರ್) ಮಾತ್ರ ಶೇಕಡಾ 40ರ ಮೇಲೆ. ಪೆನ್‌ಡ್ರೈವ್ ಫೈಲ್ ಹಾಕಿದರೆ ಗ್ರಾಫ್ 10ರ ಆಸುಪಾಸು, ಸಿಪಿಯು 4, 5.

ಮೂರನೇಕಣ್ಣು

ಸಿಕ್ಕಿತು ಕಳ್ಳ.

ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಮುಂದೆ ಹುಡುಕಿಕೊಂಡು ಬರುವವರಿಗೂ ಆಗುತ್ತದೆ.

ನಿಮ್ಮ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಭಾಗದಲ್ಲಿ ವಿಡಿಯೋ ಬಿಚ್ಚುವುದಕ್ಕೆಂದೇ ಒಂದು ಸಣ್ಣ ಸರ್ಕ್ಯೂಟ್ ಇದೆ. ಅದಕ್ಕೆ ಬೇರೆ ಏನೂ ಬರುವುದಿಲ್ಲ. ಆ ಒಂದು ಕೆಲಸವನ್ನು ತೀರಾ ಕಡಿಮೆ ಕರೆಂಟ್‌ನಲ್ಲಿ ಮಾಡುತ್ತದೆ. ಅದಕ್ಕೆ ಗೊತ್ತಿರುವ ಭಾಷೆಗಳನ್ನು ಚಿಪ್ ಮಾಡುವಾಗಲೇ ಕೆತ್ತಿಬಿಟ್ಟಿರುತ್ತಾರೆ. ಆಮೇಲೆ ಯಾವ ಅಪ್‌ಡೇಟ್ ಹಾಕಿದರೂ ಹೊಸದನ್ನು ಕಲಿಯುವುದಿಲ್ಲ. 8250ಯು ಬಂದಿದ್ದು 2017ರಲ್ಲಿ. ಅದಕ್ಕೆ ಗೊತ್ತಿರುವುದು ಎಚ್.264, ಎಚ್.265, ವಿಪಿ9. ನಿಮಗೆ ಕಂಡ ಎವಿ01, ಅಂದರೆ ಎವಿ1 ಅನ್ನುವ ಕೋಡೆಕ್, ಹೊರಬಂದದ್ದೇ 2018ರಲ್ಲಿ. ಹುಟ್ಟದ ಮಗುವಿನ ಹೆಸರು ಅದಕ್ಕೆ ಹೇಗೆ ಗೊತ್ತಿರಬೇಕು?

ಹಾಗಾಗಿ ಎವಿ1 ಬಂದಾಗ ಬ್ರೌಸರ್ ಆ ಕೆಲಸವನ್ನು ಸಿಪಿಯು ತಲೆಗೆ ಕಟ್ಟುತ್ತದೆ. ನಾಲ್ಕು ಕೋರ್, ಎಂಟು ಥ್ರೆಡ್ ಎಲ್ಲಾ ಸೇರಿ ಸೆಕೆಂಡಿಗೆ 30 ಅಥವಾ 60 ಚಿತ್ರ ಬಿಡಿಸುತ್ತಾ ಕೂರುತ್ತವೆ. 1.6 ಗಿಗಾಹರ್ಟ್ಸ್‌ನಲ್ಲಿ ತಣ್ಣಗೆ ಇರಬೇಕಾದದ್ದು ಟರ್ಬೋದಲ್ಲಿ 3.4ರ ಕಡೆಗೆ ಓಡುತ್ತದೆ. ವೋಲ್ಟೇಜ್ ಏರುತ್ತದೆ, ಬಿಸಿ ಏರುತ್ತದೆ, ಫ್ಯಾನ್ ಏಳುತ್ತದೆ. ಪೆನ್‌ಡ್ರೈವ್ ಫೈಲ್ ಬಹುಶಃ ಎಚ್.264. ಅದನ್ನು ಆ ಸಣ್ಣ ಸರ್ಕ್ಯೂಟ್ ಕಣ್ಣುಮುಚ್ಚಿ ಮಾಡುತ್ತದೆ.

ಬಿಸಿಲೂರು

ಹೊಸ ಕೋಡೆಕ್ ಅಂದರೆ ಇನ್ನೂ ಹಗುರ ಇರಬೇಕಲ್ಲ ಸರ? ಇದೇನು ಉಲ್ಟಾ?

ಮೂರನೇಕಣ್ಣು

ಹಗುರ ಆಗುವುದು ಡೇಟಾ, ಕೆಲಸ ಅಲ್ಲ. ಟ್ರಂಕಿನಲ್ಲಿ ಸೀರೆ ಇಡುವುದನ್ನು ನೆನೆಸಿಕೊಳ್ಳಿ. ಎರಡು ಮಡಿಕೆ ಹಾಕಿದರೆ ಬೇಗ ಬಿಚ್ಚಬಹುದು, ಜಾಗ ಜಾಸ್ತಿ ಬೇಕು. ಹತ್ತು ಮಡಿಕೆ ಹಾಕಿ ಒತ್ತಿಟ್ಟರೆ ಟ್ರಂಕಿನಲ್ಲಿ ಜಾಗ ಉಳಿಯುತ್ತದೆ, ಬಿಚ್ಚುವವರಿಗೆ ಕೆಲಸ.

2003ರ ಎಚ್.264 ಚಿತ್ರವನ್ನು 16×16 ಚುಕ್ಕಿಯ ಚೌಕಗಳಾಗಿ ಕತ್ತರಿಸುತ್ತದೆ. 2013ರ ವಿಪಿ9ನಲ್ಲಿ ಚೌಕ 64×64ರವರೆಗೆ ಹೋಗುತ್ತದೆ, ಎವಿ1ನಲ್ಲಿ 128×128ರವರೆಗೆ. ದೊಡ್ಡ ಚೌಕವನ್ನು ಒಳಗೆ ಹೇಗೆ ಬೇಕಾದರೂ ಸೀಳಬಹುದು, ಪ್ರತಿ ತುಂಡಿಗೂ ಪಕ್ಕದ ತುಂಡನ್ನು ನೋಡಿ ಊಹಿಸುವ ದಾರಿಗಳು ಹತ್ತಾರು. ಕೊನೆಗೆ ಅಂಚುಗಳನ್ನು ನಯ ಮಾಡುವ ಫಿಲ್ಟರ್‌ಗಳು ಒಂದರ ಮೇಲೆ ಒಂದು. ಅದರಿಂದಲೇ ಕಡಿಮೆ ಡೇಟಾದಲ್ಲಿ ಚೆನ್ನಾಗಿ ಕಾಣುವುದು. ಯೂಟ್ಯೂಬ್‌ನದ್ದೇನೂ ತಪ್ಪಿಲ್ಲ, ಮೊಬೈಲ್ ಡೇಟಾದಲ್ಲಿ ನೋಡುವವರಿಗೆ ಅದು ಉಪಕಾರವೇ.

ಹೊಳೆಬದಿ (ಸಾಗರ)

ಸೀರೆ ಲೆಕ್ಕ ಅರ್ಥ ಆಯಿತು. ಚುಕ್ಕಿ ಲೆಕ್ಕ ಅರ್ಧ ಆಯಿತು. ಈಗ ಏನು ಮಾಡಬೇಕು?

ಮೂರನೇಕಣ್ಣು

ಯೂಟ್ಯೂಬ್‌ನಲ್ಲಿ ನಿಮ್ಮ ಅಕೌಂಟ್ ಸೆಟ್ಟಿಂಗ್ಸ್‌ಗೆ ಹೋಗಿ. "ಪ್ಲೇಬ್ಯಾಕ್ ಆ್ಯಂಡ್ ಪರ್ಫಾರ್ಮೆನ್ಸ್" ಅಂತ ಇರುತ್ತದೆ. ಕೆಳಗೆ ಎವಿ1 ಸೆಟ್ಟಿಂಗ್. ಮೂರು ಆಯ್ಕೆ: ಆಟೋ, ಎಸ್‌ಡಿಗೆ (480ರವರೆಗೆ) ಮಾತ್ರ ಎವಿ1, ಯಾವಾಗಲೂ ಎವಿ1. ಈಗ ಯಾವುದರ ಮೇಲೆ ಚುಕ್ಕಿ ಇದೆ ನೋಡಿ. ಎಸ್‌ಡಿಗೆ ಮಾತ್ರ ಅನ್ನುವುದನ್ನು ಆರಿಸಿ. ಎಚ್‌ಡಿ ಆಗ ವಿಪಿ9ನಲ್ಲಿ ಬರುತ್ತದೆ. ಅದು ನಿಮ್ಮ ಚಿಪ್‌ಗೆ ಬಾಯಿಪಾಠ.

ಹೊಳೆಬದಿ (ಸಾಗರ)

"ಯಾವಾಗಲೂ ಎವಿ1" ಮೇಲೆ ಇತ್ತು!!! ನಾನಂತೂ ಆ ಕಡೆ ಕೈ ಹಾಕಿದವಳಲ್ಲ. ಬೇಸಿಗೆ ರಜೆಗೆ ಅಣ್ಣನ ಮಗ ಬಂದಾಗ ಇಲ್ಲಿ ಬ್ರಾಡ್‌ಬ್ಯಾಂಡ್ ಕೆಟ್ಟಿತ್ತು, ಅವನ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ನೋಡುತ್ತಿದ್ದೆವು. "ಅತ್ತೆ, ಡೇಟಾ ಉಳಿಯುವ ಹಾಗೆ ಮಾಡಿದ್ದೇನೆ" ಅಂದಿದ್ದ. ಈಗ ನೆನಪಾಯಿತು. ಕೂಗು ಶುರುವಾಗಿದ್ದೂ ಆಗಲೇ ಇರಬೇಕು. ಬದಲಾಯಿಸಿದ್ದೇನೆ. ರಾತ್ರಿ ನೋಡಿ ಹೇಳುತ್ತೇನೆ.

ಅರ್ಧಸೇರು

ನಾನು 480 ಅಂದಿದ್ದು ಪೂರ್ತಿ ತಪ್ಪಲ್ಲ ಹಾಗಾದರೆ. ಚುಕ್ಕಿ ಕಡಿಮೆ, ಕೆಲಸ ಕಡಿಮೆ.

ಮೂರನೇಕಣ್ಣು

ತಪ್ಪಲ್ಲ. ಹೊಟ್ಟೆನೋವಿಗೆ ಉಪವಾಸ ಮಾಡಿದ ಹಾಗೆ.

ಇರುಳುಗಣ್ಣ (ಮ್ಯೂನಿಕ್)

ಲಿನಕ್ಸ್‌ನಲ್ಲಿ ಇರುವವರಿಗೆ ಎರಡು ಮಾತು. ನಂದು ಇಂಟೆಲ್‌ನ 6ನೇ ಜನರೇಷನ್ ಪ್ರೊಸೆಸರ್, ಇನ್ನೂ ಹಳೆಯದು. ಇದರಲ್ಲಿ ವಿಪಿ9ನ್ನು ಪೂರ್ತಿ ಚಿಪ್ಪೇ ಬಿಚ್ಚುವ ವ್ಯವಸ್ಥೆ ಇಲ್ಲ, ಅದು ಇಂಟೆಲ್‌ನಲ್ಲಿ 7ನೇ ಜನರೇಷನ್‌ಗೆ ಬಂತು. ಹಾಗಾಗಿ ಎವಿ1 ಬಿಟ್ಟರೂ ನನಗೆ ಫ್ಯಾನ್ ತಪ್ಪಿರಲಿಲ್ಲ. ಎಚ್264ಇಫೈ ಅನ್ನುವ ಎಕ್ಸ್‌ಟೆನ್ಷನ್ ಹಾಕಿದೆ. ಯೂಟ್ಯೂಬ್ ಕೇಳಿದಾಗ "ನನಗೆ ಎಚ್.264 ಮಾತ್ರ ಬರುತ್ತದೆ" ಅಂತ ಬ್ರೌಸರ್ ಕೈಯಲ್ಲಿ ಹೇಳಿಸುತ್ತದೆ. ಯೂಟ್ಯೂಬ್‌ನಲ್ಲಿ ಎಚ್.264 ಸಿಗುವುದು 1080ರವರೆಗೆ, 4ಕೆ ಬೇಕಾದರೆ ಈ ದಾರಿ ಆಗುವುದಿಲ್ಲ. ನನ್ನ ಪರದೆಯೇ 1080, ನನಗೇನು.

ಫೈರ್‌ಫಾಕ್ಸ್‌ನಲ್ಲಿ ಇಂಟೆಲ್ ಗ್ರಾಫಿಕ್ಸ್‌ಗೆ ಹಾರ್ಡ್‌ವೇರ್ ಡಿಕೋಡ್ ತಾನಾಗಿ ಆನ್ ಆಗುವುದು 115ನೇ ಆವೃತ್ತಿಯಿಂದ, ಅಂದರೆ 2023ರ ಜುಲೈ. ಅದಕ್ಕಿಂತ ಹಿಂದಿನದನ್ನು ಇಟ್ಟುಕೊಂಡು ಬೈಯಬೇಡಿ. ಡ್ರೈವರ್ ಇದೆಯೋ ಇಲ್ಲವೋ ನೋಡುವುದಕ್ಕೆ ಟರ್ಮಿನಲ್‌ನಲ್ಲಿ ವಿಎಇನ್ಫೋ ಓಡಿಸಿ. ನಿಮ್ಮ ಚಿಪ್‌ಗೆ ಬರುವ ಕೋಡೆಕ್‌ಗಳ ಪಟ್ಟಿ ಬರುತ್ತದೆ. ಪಟ್ಟಿ ಬರದೆ ಎರರ್ ಬಂದರೆ ಡ್ರೈವರ್ ಇಲ್ಲ ಅಂತ ಅರ್ಥ. ನನ್ನದರಲ್ಲಿ ಎರಡು ವರ್ಷ ಡ್ರೈವರೇ ಇರಲಿಲ್ಲ. ಚಳಿಗಾಲದಲ್ಲಿ ಕೈ ಬೆಚ್ಚಗಾಗುತ್ತದೆ ಅಂತ ಗಮನ ಕೊಟ್ಟಿರಲಿಲ್ಲ.

ಬಿಸಿಲೂರು

ನಿಮಗೆ ಬೆಚ್ಚಗೆ, ನಮಗೆ ಬೇಯುವುದು.

ನನ್ನ ವಿಷಯ ಕೇಳಿ. ಮೇ ತಿಂಗಳಲ್ಲಿ ಇಲ್ಲಿ 42 ಮುಟ್ಟುತ್ತದೆ. ರೂಮಿನೊಳಗೆ ಮಧ್ಯಾಹ್ನ 37, 38. ಜನವರಿಯಲ್ಲಿ ಇದೇ ರೂಮ್ 26. ಅದೇ ವಿಡಿಯೋ, ಅದೇ ಸೆಟ್ಟಿಂಗ್. ಜನವರಿಯಲ್ಲಿ 62ಕ್ಕೆ ನಿಲ್ಲುವ ಸಿಪಿಯು ಮೇಯಲ್ಲಿ 74, 75. ರೂಮ್ ಎಷ್ಟು ಏರಿತೋ ಹೆಚ್ಚುಕಡಿಮೆ ಅಷ್ಟೇ ಒಳಗೂ ಏರುತ್ತದೆ. ಫ್ಯಾನ್ ಎಳೆದುಕೊಳ್ಳುವ ಗಾಳಿಯೇ ಬಿಸಿ ಇದ್ದರೆ ಅದು ಏನು ತಂಪು ಮಾಡಬೇಕು? ಕೋಡೆಕ್ ಗೀಡೆಕ್ ಎಲ್ಲಾ ಸರಿಮಾಡಿದರೂ ಬೇಸಿಗೆಯಲ್ಲಿ ನಮ್ಮ ಕಡೆ ಫ್ಯಾನ್ ಸ್ವಲ್ಪ ತಿರುಗಲೇಬೇಕು ರೀ.

ಕೂಲಿಂಗ್ ಪ್ಯಾಡ್ ತಂದು ನೋಡಿದೆ, ಅದರದ್ದೇ ಸದ್ದು ಜಾಸ್ತಿ. ಈಗ ನೀರಿನ ಬಾಟಲಿಯ ಎರಡು ಮುಚ್ಚಳ ಹಿಂದಿನ ರಬ್ಬರ್ ಕಾಲುಗಳ ಕೆಳಗೆ ಇಡುತ್ತೇನೆ. ನನ್ನದರಲ್ಲಿ ಮೂರ್ನಾಲ್ಕು ಡಿಗ್ರಿ ಇಳಿಯಿತು. ಖರ್ಚು ಸೊನ್ನೆ. ಏರ್ ಕೂಲರ್ ಎದುರಿಗೆ ಮಾತ್ರ ಇಡಬೇಡಿ, ಅದರ ಗಾಳಿಯಲ್ಲಿ ನೀರಿನ ಪಸೆ ಇರುತ್ತದೆ. ನನ್ನ ಹಿಂದಿನ ಲ್ಯಾಪ್‌ಟಾಪ್ ಹೋಗಿದ್ದು ಹಾಗೇ.

ಗೇಮ್_ಮುಗೀಲಿಲ್ಲ

ನನ್ನದೂ ಇಲ್ಲೇ ಕೇಳಿಬಿಡುತ್ತೇನೆ. ಗೇಮಿಂಗ್ ಲ್ಯಾಪ್‌ಟಾಪ್, 12ನೇ ಜೆನ್ ಇಂಟೆಲ್ ಐ7, ಎನ್‌ವಿಡಿಯಾ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಚಿಪ್. ಎವಿ1 ಹಾರ್ಡ್‌ವೇರ್‌ನಲ್ಲೇ ಆಗುತ್ತಿದೆ, ನೋಡಿದೆ, ಡಿಕೋಡ್ ಗ್ರಾಫ್ ಏರುತ್ತದೆ. ಆದರೂ ಎಚ್‌ಡಿಎಂಐನಲ್ಲಿ ದೊಡ್ಡ ಮಾನಿಟರ್ ಹಾಕಿ ವಿಡಿಯೋ ನೋಡಿದರೆ ಫ್ಯಾನ್ ನಿಲ್ಲುವುದೇ ಇಲ್ಲ. ಮಾನಿಟರ್ ತೆಗೆದರೆ ನಿಲ್ಲುತ್ತದೆ.

ಮೂರನೇಕಣ್ಣು

ನಿಮ್ಮದು ಬೇರೆ ಕಾಯಿಲೆ. ಇಂಟೆಲ್‌ನಲ್ಲಿ 2020ರ 11ನೇ ಜೆನ್‌ನಿಂದ ಎವಿ1 ಬರುತ್ತದೆ, ಆರ್‌ಟಿಎಕ್ಸ್ 30 ಸರಣಿಗೂ ಬರುತ್ತದೆ. ಡಿಕೋಡ್ ತೊಂದರೆ ಅಲ್ಲ. ಎಷ್ಟೋ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಕಿಂಡಿಯ ತಂತಿ ನೇರ ಎನ್‌ವಿಡಿಯಾ ಚಿಪ್‌ಗೆ ಹೋಗಿರುತ್ತದೆ. ಮಾನಿಟರ್ ಸಿಕ್ಕಿಸಿದ ತಕ್ಷಣ ಆ ದೊಡ್ಡ ಚಿಪ್ ಎದ್ದು ಕೂರಲೇಬೇಕು. ನೀವು ಖಾಲಿ ಡೆಸ್ಕ್‌ಟಾಪ್ ನೋಡುತ್ತಿದ್ದರೂ ಅದಕ್ಕೆ ನಿದ್ದೆ ಇಲ್ಲ.

ಎನ್‌ವಿಡಿಯಾ ಕಂಟ್ರೋಲ್ ಪ್ಯಾನಲ್‌ನಲ್ಲಿ ಫಿಸ್‌ಎಕ್ಸ್ ಅಂತ ಒಂದು ಪುಟ ಇದೆ. ಯಾವ ಪರದೆ ಯಾವ ಚಿಪ್‌ಗೆ ಸೇರಿದೆ ಅಂತ ಗೆರೆ ಎಳೆದು ತೋರಿಸುತ್ತದೆ. ಯುಎಸ್‌ಬಿ-ಸಿ ಕಿಂಡಿಯಲ್ಲಿ ವಿಡಿಯೋ ಬರುವ ಹಾಗಿದ್ದರೆ ಅಲ್ಲಿಂದ ಹಾಕಿ ನೋಡಿ. ಕೆಲವು ಮಾಡೆಲ್‌ಗಳಲ್ಲಿ ಅದು ಇಂಟೆಲ್ ಕಡೆಗೆ ಇರುತ್ತದೆ.

ಗೇಮ್_ಮುಗೀಲಿಲ್ಲ

ನೋಡಿದೆ. ಎಚ್‌ಡಿಎಂಐ ಎನ್‌ವಿಡಿಯಾಗೆ, ಯುಎಸ್‌ಬಿ-ಸಿ ಇಂಟೆಲ್‌ಗೆ. ಕೇಬಲ್ ತರಬೇಕು. ಥ್ಯಾಂಕ್ಸ್ ಗುರು.

ಸ್ಕ್ರೂಡ್ರೈವರ್

ಅಂಗಡಿಗೆ ಬರುವವರಿಗೆ ನಾನು ಇನ್ನೊಂದು ಮಾಡಿಕೊಡುವುದುಂಟು. ಪವರ್ ಆಪ್ಷನ್ಸ್‌ನ ಅಡ್ವಾನ್ಸ್ಡ್‌ನಲ್ಲಿ "ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್" 100 ಇರುವುದನ್ನು 99 ಮಾಡುವುದು. ಟರ್ಬೋ ನಿಂತುಹೋಗುತ್ತದೆ. ಒಂದೇ ಅಂಕಿ ಇಳಿಸಿದರೂ ಬಿಸಿ ದಿಢೀರ್ ಇಳಿಯುತ್ತದೆ. ಕೆಲವು ಹೊಸ ಮಷಿನ್‌ಗಳಲ್ಲಿ ಈ ಸಾಲೇ ಕಾಣುವುದಿಲ್ಲ.

ಮೂರನೇಕಣ್ಣು

ನನಗೆ ಅದು ಇಷ್ಟ ಇಲ್ಲ. 3.4ರವರೆಗೆ ಹೋಗುವ ಪ್ರೊಸೆಸರ್‌ಗೆ ದುಡ್ಡು ಕೊಟ್ಟು 1.6ರಲ್ಲಿ ಕಟ್ಟಿಹಾಕಿದ ಹಾಗೆ. ವಿಡಿಯೋ ತಣ್ಣಗೆ ಓಡುತ್ತದೆ ನಿಜ, ಆದರೆ ಎಕ್ಸೆಲ್ ತೆಗೆದರೂ ತಡವರಿಸುತ್ತದೆ. ಗಿರಾಕಿ ಮನೆಗೆ ಹೋಗಿ "ರಿಪೇರಿ ಮಾಡಿಸಿದ ಮೇಲೆ ಸ್ಲೋ ಆಯಿತು" ಅನ್ನುತ್ತಾನೆ.

ಸ್ಕ್ರೂಡ್ರೈವರ್

ಅನ್ನುತ್ತಾರೆ, ಅನ್ನುತ್ತಾರೆ. ಆದರೆ ಮೇ ತಿಂಗಳಲ್ಲಿ ಬಂದವರು ಬೈಯುವುದಿಲ್ಲ. ಮಳೆ ಹಿಡಿದ ಮೇಲೆ ವಾಪಸ್ 100 ಮಾಡಿ ಅಂತ ಹೇಳಿಯೇ ಕಳಿಸುತ್ತೇನೆ.

ಮೂರನೇಕಣ್ಣು

ಆ ಥರ ಆದರೆ ಸರಿ. ಇನ್ನೊಂದು ಹೇಳುವುದು ಬಿಟ್ಟೆ. ಎವಿ1 ಇಲ್ಲದೆಯೂ ಡಿಕೋಡ್ ಗ್ರಾಫ್ ಸೊನ್ನೆ ತೋರಿಸಿದರೆ ಬ್ರೌಸರ್ ಸೆಟ್ಟಿಂಗ್ಸ್‌ನ ಸಿಸ್ಟಮ್ ಭಾಗದಲ್ಲಿ ಗ್ರಾಫಿಕ್ಸ್ ಆ್ಯಕ್ಸಿಲರೇಷನ್ ಆಫ್ ಆಗಿದೆಯಾ ನೋಡಿ. ಪರದೆ ಮಿಣುಕುತ್ತದೆ ಅಂತ ಯಾರೋ ಎಂದೋ ಆಫ್ ಮಾಡಿರುತ್ತಾರೆ, ಮರೆತಿರುತ್ತಾರೆ. ಆಗ ಎಲ್ಲಾ ಕೋಡೆಕ್ ಸಿಪಿಯು ತಲೆಗೇ.

ಹೊಳೆಬದಿ (ಸಾಗರ)

ವರದಿ ಒಪ್ಪಿಸುತ್ತಿದ್ದೇನೆ. ನಿನ್ನೆ ರಾತ್ರಿ ಒಂಬತ್ತೂವರೆಗೆ ಹಾಕಿದೆ. ಕೋಡೆಕ್ ಸಾಲಿನಲ್ಲಿ ವಿಪಿ09 ಬಂತು. ಡಿಕೋಡ್ ಗ್ರಾಫ್ ಎದ್ದಿತು, ಸಿಪಿಯು 10ರ ಒಳಗೆ. ಬಿಸಿ 58. ಎಸ್ಕೇಪ್ ಕೀ ಮೇಲೆ ಬೆರಳಿಟ್ಟರೆ ಸ್ವಲ್ಪ ಬೆಚ್ಚಗೆ ಅಷ್ಟೇ. ಹನ್ನೊಂದೂವರೆವರೆಗೆ ನೋಡಿದೆವು, ಫ್ಯಾನ್ ಎರಡು ಸಲ ಸಣ್ಣಗೆ ಎದ್ದು ಮಲಗಿತು. ಮದ್ದಳೆಯವರ ಬೆರಳು ಚರ್ಮಕ್ಕೆ ತಾಗುವುದೂ ಕೇಳಿಸಿತು. ಅತ್ತೆ "ಸೌಂಡ್ ಬಾಕ್ಸ್ ಹೊಸದಾ?" ಅಂತ ಕೇಳಿದರು.

ಮೂರನೇಕಣ್ಣು ಸರ್, ಸ್ಕ್ರೂಡ್ರೈವರ್ ತಮ್ಮಾ, ಇಬ್ಬರಿಗೂ ಧನ್ಯವಾದ. ಕ್ಲೀನ್ ಮಾಡಿಸಿದ್ದೂ ದಂಡ ಆಗಲಿಲ್ಲ ಅಂದುಕೊಂಡಿದ್ದೇನೆ.

ಒಂದೇ ಉಳಿದಿರುವುದು. ಬೆಳಿಗ್ಗೆ ಮೊದಲ ಸಲ ಆನ್ ಮಾಡಿದಾಗ ಫ್ಯಾನ್ ಐದಾರು ಸೆಕೆಂಡ್ ಕರಕರ ಅನ್ನುತ್ತದೆ. ಗಾಳಿಯ ಸದ್ದಲ್ಲ. ಎತ್ತಿನ ಗಾಡಿ ಅಚ್ಚಿಗೆ ಎಣ್ಣೆ ಇಲ್ಲದಿದ್ದರೆ ಬರುತ್ತದಲ್ಲ, ಆ ಥರ.

ಸ್ಕ್ರೂಡ್ರೈವರ್

ಅದು ಬೇರಿಂಗ್ ಅಕ್ಕಾ. ಗಾಳಿಯ ಸದ್ದು ಸುಯ್ ಅಂತ ಬಂದರೆ ಬಿಸಿಯ ಲೆಕ್ಕ, ಕರಕರ ಬಂದರೆ ಫ್ಯಾನಿನದ್ದೇ ಲೆಕ್ಕ. ಕೋಡೆಕ್ ಬದಲಾಯಿಸಿದರೆ ಹೋಗುವುದಿಲ್ಲ. ಹೊಲಿಗೆ ಮಷಿನ್ ಎಣ್ಣೆ ಬಿಡುವುದಕ್ಕೆ ಯಾರಾದರೂ ಹೇಳಿದರೆ ಕೇಳಬೇಡಿ, ನಾಲ್ಕು ದಿನ ಸುಮ್ಮನಿದ್ದು ಮತ್ತೆ ಶುರುವಾಗುತ್ತದೆ, ಧೂಳು ಬೇರೆ ಅಂಟುತ್ತದೆ. ಫ್ಯಾನ್ ಬದಲಾಯಿಸುವುದೇ ಸರಿ, ದೊಡ್ಡ ಖರ್ಚಲ್ಲ. ಲ್ಯಾಪ್‌ಟಾಪ್ ತಿರುಗಿಸಿ ಕೆಳಗಿನ ಮಾಡೆಲ್ ನಂಬರ್ ಕಳಿಸಿ. ಸಾಧ್ಯವಾದರೆ ಆ ಸದ್ದನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಹಾಕಿ, ರೆಕ್ಕೆಗೆ ವೈರ್ ತಾಗುತ್ತಿದ್ದರೂ ಹೆಚ್ಚುಕಡಿಮೆ ಹಾಗೇ ಬರುತ್ತದೆ.

ಹೊಳೆಬದಿ (ಸಾಗರ)

ಇವತ್ತು ಬೆಳಿಗ್ಗೆಯದ್ದು ಹಾಕಿದ್ದೇನೆ. ಮೊದಲ ಆರು ಸೆಕೆಂಡ್ ಮಾತ್ರ ಕೇಳಿ. ಆಮೇಲೆ ಬರುವುದು ಅತ್ತೆ ಹಾಲಿನವನ ಜೊತೆ ಜಗಳ ಮಾಡುತ್ತಿರುವುದು, ಅದಕ್ಕೂ ಫ್ಯಾನಿಗೂ ಸಂಬಂಧ ಇಲ್ಲ.

ಸ್ಕ್ರೂಡ್ರೈವರ್

ಪೂರ್ತಿ ಕೇಳಿದೆ. ಬೇರಿಂಗೇ. ಹಾಲಿಗೆ ನೀರು ಹಾಕುತ್ತಿರುವುದೂ ನಿಜ ಅನ್ನಿಸುತ್ತದೆ.